ಸೋಮವಾರದ ಉಮೇದವಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸರಕಾರಿ ರಸ್ತೆ, ದೊಡ್ಡ ಸಾಹೇಬರು, ಪಂಚವಾರ್ಷಿಕ ಯೋಜನೆ, ಇಂಥ ಘನವಾದ ಸಂಗತಿಗಳು ಬರುವ ಕತೆಯಲ್ಲಿ ಕತ್ತೆಗಳನ್ನು ತರಬಾರದು ಎಂಬುದು ನನಗೂ ಗೊತ್ತು. ಇದನ್ನು ಬರೆಯಲು ನನಗಿಂತ ಹೆಚ್ಚು ಓದಿದವರು ಇದ್ದರು, ಅವರಾರೂ ಬರೆಯಲಿಲ್ಲ. ಕತ್ತೆಗಳನ್ನು ಬಿಟ್ಟು ಹೇಳಿ ನೋಡಿದೆ, ರಸ್ತೆ ಮುಂದಕ್ಕೆ ಹೋಗಲಿಲ್ಲ. ಹೆಚ್ಚುಕಡಿಮೆ ಆಗಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು.

ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆಗ ಯೋಜನೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ದಿಲ್ಲಿಯವರು ಐದು ವರ್ಷಕ್ಕೆ ಹಾಕುತ್ತಿದ್ದರು, ಜಿಲ್ಲೆಯವರು ವರ್ಷಕ್ಕೆ ಹಾಕುತ್ತಿದ್ದರು, ತಿಕೋಟಾದ ಚಹಾದಂಗಡಿಯವನು ಕೂಡ ಹಾಲಿಗೆ ನೀರು ಬೆರೆಸುತ್ತ "ಇದೂ ಒಂದು ಯೋಜನಾನ ರೀ" ಎನ್ನುತ್ತಿದ್ದ. ಯಾರ ಯೋಜನೆಯಲ್ಲೂ ಹೆಸರಿಲ್ಲದವನೆಂದರೆ ದಶರಥನೊಬ್ಬನೇ.

ದಶರಥ ತಿಕೋಟಾದವನು. ಹಂಗಾಮಿನಲ್ಲಿ ವಿಜಾಪುರದ ಜಿನ್ನಿನಲ್ಲಿ, ಅಂದರೆ ಬೀಜ ಬಿಡಿಸುವ ಗಿರಣಿಯಲ್ಲಿ, ಹತ್ತಿ ತೂಗಿಸುವ ಕೆಲಸ. ಸಂಜೆ ಓವರಸಿಯರ ಪರೀಕ್ಷೆಯ ವರ್ಗ. ಜಿನ್ನಿನಿಂದ ನೇರವಾಗಿ ವರ್ಗಕ್ಕೆ ಬರುತ್ತಿದ್ದುದರಿಂದ ತಲೆತುಂಬ ಹತ್ತಿಯ ಎಳೆ ಇರುತ್ತಿತ್ತು. ಬಹಳ ದಿನದವರೆಗೆ ಮಾಸ್ತರರು ಅವನನ್ನು ನಡುವಯಸ್ಸಿನವನೆಂದು ತಿಳಿದು "ನೀವು" ಎಂದು ಕರೆದರು. ಒಮ್ಮೆ ರಜೆಯ ಮರುದಿನ ತಲೆ ತೊಳೆದುಕೊಂಡು ಬಂದ, ಅಂದಿನಿಂದ "ನೀನು" ಆಯಿತು.

ಆ ಪರೀಕ್ಷೆಗೆ ಒಂದು ಕಟ್ಟಳೆ ಇತ್ತು. ಕೂರುವ ಮೊದಲು ಒಂದು ಹಂಗಾಮು ಯಾವುದಾದರೂ ಕಾಮಗಾರಿಯ ಮೇಲೆ ಸಾಹೇಬರೊಬ್ಬರ ಹತ್ತಿರ ಉಮೇದವಾರನಾಗಿ ಇದ್ದು ದಾಖಲೆ ತರಬೇಕು. ಉಮೇದವಾರನಿಗೆ ಪಗಾರ ಇಲ್ಲ, ಕುರ್ಚಿ ಇಲ್ಲ. ಕೆಲಸ ಹೇಗೆ ನಡೆಸುತ್ತಾರೆ, ಆಳು, ಗಾಡಿ, ಕಲ್ಲು, ಮಣ್ಣು ಇವನ್ನೆಲ್ಲ ಯಾವ ದಿನ ಎಲ್ಲಿಗೆ ತರಿಸುತ್ತಾರೆ ಎಂಬುದನ್ನು ಸಾಹೇಬರ ಬೆನ್ನ ಹಿಂದೆ ನಿಂತು ಕಲಿಯಬೇಕು. ದಾಖಲೆ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ದಶರಥನಿಗೆ ಜೀವಮಾನವೆಲ್ಲ ಹತ್ತಿಯ ಎಳೆ.

ವರ್ಗದಲ್ಲಿ ಉಳಿದವರಿಗೆ ಮಾವಂದಿರಿದ್ದರು. ಒಬ್ಬನ ಮಾವ ನೀರಾವರಿಯಲ್ಲಿ, ಇನ್ನೊಬ್ಬನ ಮಾವ ರೈಲ್ವೆಯಲ್ಲಿ. ದಶರಥನಿಗೂ ಒಬ್ಬ ಸೋದರಮಾವನಿದ್ದ, ಸಾಬಣ್ಣ. ಅವನು ತಿಕೋಟಾದಲ್ಲಿ ಓಣಿಯವರನ್ನೆಲ್ಲ ಕೂಡಿಸಿ ಬುದ್ಧನ ದೀಕ್ಷೆ ಕೊಡಿಸಿದವನು. ಊರ ದೊಡ್ಡವರಾರೂ ಅವನ ಹೆಸರು ಕೇಳಿ ಉಪಕಾರ ಮಾಡುವ ಹಾಗಿರಲಿಲ್ಲ.

ಹಾಗಾಗಿ ದಶರಥ ಇಸ್ತ್ರಿ ಮಾಡಿದ ಒಂದೇ ಅಂಗಿ ಹಾಕಿಕೊಂಡು ವಿಜಾಪುರದ ಕಚೇರಿಗಳನ್ನು ಸುತ್ತಿದ. ಒಬ್ಬ ಗುತ್ತಿಗೆದಾರ ಕೇಳಿದ, "ನಿಮ್ಮಪ್ಪ ಏನ್ ಮಾಡ್ತಾನ?"

"ಸತ್ತಾನ್ರಿ."

"ಅದಕ್ಕೂ ಮೊದಲ ಏನ್ ಮಾಡ್ತಿದ್ದ?"

ಇನ್ನೊಂದು ಕಚೇರಿಯಲ್ಲಿ ಕಾರಕೂನರು ನಾಳೆ ಬಾ ಎಂದರು. ನಾಳೆ ಹೋದರೆ ಮತ್ತೆ ನಾಳೆ. ದಿನಾ ಬಾಗಿಲಲ್ಲಿ ನಿಂತ ಅವನನ್ನು ಸಿಪಾಯಿ ಹೊಸ ಸಿಪಾಯಿ ಎಂದು ತಿಳಿದು ಫೈಲು ಹೊರಿಸಿದ, ಬೀಡಿ ತರಿಸಿದ, ಕೊನೆಗೆ ಗಡಿಯಾರಕ್ಕೆ ಕೀಲಿ ಕೊಡುವುದನ್ನೂ ಒಪ್ಪಿಸಿದ. ಅಷ್ಟರ ಮಟ್ಟಿಗೆ ದಶರಥನಿಗೆ ಸರಕಾರದ ಅನುಭವವಾಯಿತು. ಮೂರನೆಯ ಕಡೆಯ ಸಾಹೇಬರು ಬಹಳ ಸಜ್ಜನರು. ಕೂಡಿಸಿ ಮಾತಾಡಿದರು, ಒಬ್ಬ ಉಮೇದವಾರ ಬೇಕಾಗಿದ್ದಾನೆ ಎಂದರು, ಆಮೇಲೆ ಅಡ್ಡಹೆಸರು ಕೇಳಿದರು. ಹೇಳಲು ಬಾಯಿ ತೆರೆದಾಗ ಖಾಲಿಯಿದ್ದ ಜಾಗ ಹೇಳಿ ಮುಗಿಸುವಷ್ಟರಲ್ಲಿ ತುಂಬಿಹೋಗಿತ್ತು. ಸರಕಾರಿ ಕೆಲಸ ಅಷ್ಟು ಚುರುಕಾಗಿ ಆಗುವುದನ್ನು ದಶರಥ ಅದೇ ಮೊದಲು ನೋಡಿದ.

ದಾರಿ ತೋರಿಸಿದವನು ಸೈಫುದ್ದೀನ. ಅವನೂ ಅದೇ ವರ್ಗದವನು, ಹಗಲು ಸ್ಟೇಷನ್ ರೋಡಿನಲ್ಲಿ ಸೈಕಲ್ಲು ರಿಪೇರಿ ಮಾಡುತ್ತಿದ್ದ.

"ಮೈಸೂರು ಕಡಿಯಾವ ಒಬ್ಬ ಸಾಹೇಬ ಬಂದಾನ ಲೇ ರಸ್ತೆ ಇಲಾಖೆಗೆ. ಅಂವಗ ನಮ್ಮ ಮಾತ ತಿಳಿಯೂದಿಲ್ಲ. ನಿನ್ನ ಅಡ್ಡಹೆಸರ ಹೇಳಿದ್ರೂ ಅದು ಊರ ಹೆಸರೋ, ಹಣ್ಣಿನ ಹೆಸರೋ ಗೊತ್ತಾಗೂದಿಲ್ಲ. ಹೋಗು."

"ಏನಂತ ಮಾತಾಡ್ಲಿ?"

"ಸೈಕಲ್ ಟೈರ್ ಇದ್ದಂಗ ಇರು. ಗಾಳಿ ಜಾಸ್ತಿನೂ ಬ್ಯಾಡ, ಕಮ್ಮಿನೂ ಬ್ಯಾಡ."

ದಶರಥ ಹೋದ. ಮೈಸೂರು ಸಾಹೇಬರು ಸಣ್ಣಗಿನ ಮನುಷ್ಯ, ಈ ಊರಿನ ಚಹಾ ಕುಡಿದು ಕುಡಿದು ಸಿಡುಕು ಹತ್ತಿಸಿಕೊಂಡವರು. ಅಡ್ಡಹೆಸರು ಕೇಳಲೇ ಇಲ್ಲ.

"ನೋಡಯ್ಯಾ, ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗೋ ರಸ್ತೇಲಿ ಒಂದು ತುಂಡು ಬಾಕಿ ಇದೆ. ಬರೋ ಗುರುವಾರ ಧಾರವಾಡದಿಂದ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ರೋಲರ್ ನನಗೆ ಸಿಗೋದು ಬುಧವಾರ ಒಂದೇ ದಿನ. ಆಮೇಲೆ ಅದು ಅಥಣಿ ಕಡೆ ಹೋಗುತ್ತೆ. ರಸ್ತೆಗೆ ಹಾಸೋ ಗರಸು ಮಣ್ಣು ಯಾವತ್ತು ಬರಬೇಕು, ಯಾವತ್ತು ಹರಡಬೇಕು, ನೀರು ಯಾವತ್ತು, ಎಲ್ಲ ಒಂದು ತಖ್ತೆ ಹಾಕ್ಕೊಂಡು ಬಾ. ಚೆನ್ನಾಗಿದ್ರೆ ಆ ವಾರ ನೀನೇ ನಡೆಸು. ಕೆಲಸ ಆಯ್ತು ಅಂದ್ರೆ ಹಂಗಾಮು ಪೂರ್ತಿ ಉಮೇದವಾರ. ಆಗ್ಲಿಲ್ಲ ಅಂದ್ರೆ ನಮಸ್ಕಾರ."

ತಖ್ತೆ ಹಾಕುವುದು ದಶರಥನಿಗೆ ಬರುತ್ತಿತ್ತು. ಅಚ್ಚುಕಟ್ಟಾಗಿ ಗೆರೆ ಎಳೆದು ದಿನಕ್ಕೊಂದು ಮನೆ ಮಾಡಿದ. ಸೋಮವಾರದ ಮನೆಗೆ ಬಂದಾಗ ಅವನ ಕೈ ತಾನಾಗಿಯೇ ಅದನ್ನು ಖಾಲಿ ಬಿಟ್ಟು ಗರಸಿನ ಗಾಡಿಗಳನ್ನು ಹಿಂದಿನ ಶನಿವಾರಕ್ಕೆ ಬರೆಯಿತು. ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ರಜೆ. ನಮ್ಮ ಕಡೆ ಹಾಲುಕುಡಿಯುವ ಕೂಸಿಗೂ ಇದು ಗೊತ್ತು.

ಆಮೇಲೆ ಅವನಿಗೆ ಚಿಂತೆ ಹತ್ತಿತು. ಸಾಹೇಬರು ಕೇಳಿದರೆ ಏನು ಹೇಳುವುದು? ಸರಕಾರದ ತಖ್ತೆಯಲ್ಲಿ ಎತ್ತಿನ ರಜೆ ಬರೆದರೆ ಹಳ್ಳಿಯ ಗಮಾರ ಎಂದುಕೊಳ್ಳುವುದಿಲ್ಲವೇ? ಅದೂ ಅಲ್ಲದೆ, ಕಲ್ಲು, ಮರ, ದನ ಯಾವುದಕ್ಕೂ ಇನ್ನು ಕೈಮುಗಿಯುವುದಿಲ್ಲ ಎಂದು ಹೋದ ವರ್ಷವೇ ಅವನು ಸಾಬಣ್ಣಮಾವನ ಪಕ್ಕದಲ್ಲಿ ನಿಂತು ಎಲ್ಲರೆದುರು ಹೇಳಿದ್ದ. ಈಗ ಎತ್ತಿಗೆ ವಾರ ಬಿಟ್ಟರೆ ಆ ಮಾತಿಗೆ ಏನು ಬೆಲೆ? ಅವರ ಮನೆಯಲ್ಲಿ ಎತ್ತು ಇದ್ದದ್ದೂ ಇಲ್ಲ. ಸೋಮವಾರವೆಂದು ಅವನ ತಾಯಿ ಪರಸವ್ವ ಒಂದು ದಿನ ಕೂಲಿ ಬಿಟ್ಟದ್ದೂ ಇಲ್ಲ. ಹೀಗೆ ಯೋಚಿಸಿ ಯೋಚಿಸಿ, ಗೊತ್ತಿದ್ದ ಸಂಗತಿಯನ್ನೇ ರಬ್ಬರಿನಿಂದ ಅಳಿಸಿ, ಸೋಮವಾರದ ಮನೆಯಲ್ಲಿ ದಪ್ಪ ಅಕ್ಷರದಲ್ಲಿ "ಗಾಡಿಗಳಿಂದ ಗರಸು" ಎಂದು ಬರೆದ.

ಸಾಹೇಬರು ಮೆಚ್ಚಿದರು. "ಒಂದು ದಿನಾನೂ ಪೋಲಾಗಿಲ್ಲ, ಭೇಷ್!" ಎಂದರು. ದಶರಥ ಆ ಭೇಷನ್ನು ಹೊತ್ತುಕೊಂಡು ತಿಕೋಟಾಕ್ಕೆ ಬಂದ, ದಾರಿಯುದ್ದಕ್ಕೂ ಅದು ಭಾರವಾಗುತ್ತ ಹೋಯಿತು.

ತಿಕೋಟಾದ ಗಾಡಿಗಳೆಲ್ಲ ಬೀರಣ್ಣನ ಮಾತು ಕೇಳುತ್ತಿದ್ದವು. ರವಿವಾರ ಮಧ್ಯಾಹ್ನ ದಶರಥ ಅವನ ಮನೆಯ ಮುಂದೆ ನಿಂತ. ಬೀರಣ್ಣ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ.

"ಬೀರಣ್ಣ ಕಾಕಾ, ನಾಳೆ ಹೊತ್ತು ಹೊಂಡೂದ್ರಾಗ ಗಾಡಿ ಎಲ್ಲಾ ಗರಸಿನ ಕಣಿಗೆ ಬರ್ಬೇಕ್ರಿ."

"ನಾಳೆ ಯಾ ವಾರ?"

"ಸೋಮಾರ್ರಿ."

ಬೀರಣ್ಣ ತಿಕ್ಕುವುದನ್ನು ನಿಲ್ಲಿಸಿದ. "ನೀ ತಿಕೋಟಾದಾಗ ಹುಟ್ಟೀದಿಯೋ, ವಿಮಾನದಾಗಿಂದ ಬಿದ್ದಿಯೋ?"

"ಸರಕಾರಿ ಕೆಲಸ ಐತ್ರಿ."

"ಸರಕಾರದ ಎತ್ತು ಇದ್ರ ಸರಕಾರ ಹೂಡ್ಲಿ. ನಮ್ಮ ಎತ್ತಿಗೆ ಸೋಮಾರ ಸೂಟಿ."

"ಒಂದ ಸೋಮಾರ ಕಾಕಾ, ಒಂದ..."

ಒಳಗಿನಿಂದ ಬೀರಣ್ಣನ ಹೆಂಡತಿ ಗುರುಬಾಯಿ ಮೊರ ಹಿಡಿದುಕೊಂಡೇ ಬಂದಳು. "ಆಯಿತವಾರ ನಿಮ್ಮ ಸಾಹೇಬಗ ಸೂಟಿ ಐತಿಲ್ಲೋ? ವಾರಪೂರ್ತಿ ಅಂವ ಏನ್ ಗಾಡಿ ಎಳೀತಾನ? ಕುರ್ಚಿ ಮ್ಯಾಲ ಕುಂತಾವಗ ಒಂದಿನ ಸೂಟಿ ಬೇಕಂತ, ನೊಗಾ ಹೊತ್ತದ್ದಕ್ಕ ಬ್ಯಾಡಂತ! ಯಾ ಸಾಲ್ಯಾಗ ಕಲಿಸ್ತಾರೋ ಯಪ್ಪಾ ಇದನ್ನ?"

ಸಂಜೆ ವರ್ಗದಲ್ಲಿ ಇದನ್ನು ಕಲಿಸಿರಲಿಲ್ಲ, ಅದಂತೂ ನಿಜ.

ಮನೆಗೆ ಬಂದು ತಾಯಿಗೆ ಹೇಳಿದ. ಪರಸವ್ವ ಅದೇ ರಸ್ತೆಯ ಮೇಲೆ ಬುಟ್ಟಿ ಹೊರುವ ಹೆಂಗಸರಲ್ಲಿ ಮುಂದಾಳು. ಕೇಳಿ ಕೆಮ್ಮು ಬರುವ ತನಕ ನಕ್ಕಳು.

"ನಿನಗ ಗೊತ್ತಿರಲಿಲ್ಲೇನೋ?"

"ಗೊತ್ತಿತ್ತಬೇ. ಸೋಮಾರ ಬಿಟ್ಟ ಬರದಿದ್ದೆ. ಆಮ್ಯಾಲ ಅಳಿಸಿದೆ."

"ಯಾಕ?"

"ಸಾಹೇಬ್ರು ಹಳ್ಳಿ ಗಮಾರ ಅಂದಾರು ಅಂತ."

"ಮತ್ತ ನೀ ಏನಂತ ತಿಳ್ಕೊಂಡಿದ್ದಿ? ದಿಲ್ಲಿ ದಿವಾನ?"

ಗರಸನ್ನು ಹೆಂಗಸರ ಬುಟ್ಟಿಗಳಲ್ಲೇ ಹೊರಿಸಬಹುದೇ ಎಂದು ಕೇಳಿದ. ಗರಸು ಅಗೆಯುವ ಕಣಿ ಊರಾಚೆಯ ಗುಡ್ಡದ ಹತ್ತಿರ. ಬುಟ್ಟಿಯಲ್ಲಿ ಹೊತ್ತರೆ ದೊಡ್ಡ ಸಾಹೇಬರು ನಿವೃತ್ತರಾಗುವ ಹೊತ್ತಿಗೆ ಮುಗಿದೀತು ಎಂದಳು. ದಶರಥ ಹೊಸ್ತಿಲ ಮೇಲೆ ಕೂತು ಊರಲ್ಲಿ ಭಾರ ಹೊರುವ ಪ್ರಾಣಿಗಳನ್ನೆಲ್ಲ ಒಂದೊಂದಾಗಿ ನೆನೆದ. ಎತ್ತಿಗೆ ಬಸವಣ್ಣನಿದ್ದಾನೆ. ಕುದುರೆ ಊರಲ್ಲಿ ಇಲ್ಲ. ಕೋಣ ಇದ್ದದ್ದು ಒಂದೇ, ಅದು ಮುದಿ. ಹಾಗಾದರೆ ಯಾವ ದೇವರೂ ಯಾವ ವಾರವೂ ರಜೆ ಕೊಡದ ಪ್ರಾಣಿ ಯಾವುದು?

ಎದ್ದು ಅಗಸರ ಹಣಮಂತನ ಮನೆಗೆ ನಡೆದ. ಪರಸವ್ವ ಹಿಂದೆಯೇ ಬಂದಳು, ಮಗ ಮೆತ್ತಗಿನವನೆಂಬುದು ಅವಳಿಗೆ ಗೊತ್ತಿತ್ತು.

ಗರಸು ಹೊರಲು ಕತ್ತೆ ಬೇಕೆಂಬುದನ್ನು ಹಣಮಂತ ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ. "ನಮ್ಮ ಕತ್ತಿ ಅರಿವಿ ಹೊರ್ತಾವ, ಮಣ್ಣ ಹೊರೂದಿಲ್ಲ."

"ಅರಿವ್ಯಾಗ ಇರೂದು ಏನು? ಗಂಧೇನು?" ಎಂದಳು ಪರಸವ್ವ.

"ಅದಲ್ಲವಾ. ನಿಮ್ಮ ಓಣ್ಯಾವ್ರ ಕೂಡ ನನ್ನ ಕತ್ತಿ ಹೋದ್ರ ಊರ ಮಂದಿ ನನಗ ಅರಿವಿ ಹಾಕೂದ ಬಿಡ್ತಾರ."

"ಬಿಡಲಿ. ಗೌಡರ ಮನಿ ಧೋತ್ರ ಮತ್ತ್ಯಾರು ಒಗಿತಾರ, ಗೌಡಶಾನಿ ಒಗಿತಾಳ? ಮಾರಾಯಾ, ನೀ ನಮ್ಮ ಅರಿವಿ ಒಗದಾಂವ ಅಲ್ಲ, ನಾವು ಕೇಳಿದ್ದೂ ಇಲ್ಲ. ಈಗ ನಿನ್ನ ಕತ್ತೀನೂ ಮಡಿಯಾಗ ಅದಾವ ಅಂದ್ರ ಹೇಳಿಬಿಡು, ದೂರ ನಿಂತು ನಮಸ್ಕಾರ ಮಾಡಿ ಹೋಗ್ತೀವಿ."

ಹಣಮಂತನಿಗೆ ನಗು ತಡೆಯಲಾಗಲಿಲ್ಲ. ಕೂಲಿ ಗಾಡಿಯವರಿಗೆ ಕೊಡುವಷ್ಟೇ ಬೇಕು, ಕತ್ತೆಗಳನ್ನು ತಾನೇ ನಡೆಸುತ್ತೇನೆ ಎಂದು ಒಪ್ಪಿದ. ಹೊತ್ತು ಮುಳುಗುವುದರೊಳಗೆ ಪರಸವ್ವ ಮತ್ತು ಓಣಿಯ ಹೆಂಗಸರು ಜಿನ್ನಿನ ಹರಕು ಗೋಣಿತಟ್ಟುಗಳನ್ನು ಹೊಲಿದು ಬೆನ್ನಿನ ಎರಡೂ ಕಡೆ ಇಳಿಬೀಳುವ ಚೀಲ ಮಾಡಿದರು.

ಸೋಮವಾರ ಮುಂಜಾನೆ ಗರಸಿನ ಕಣಿಯಲ್ಲಿ ಕತ್ತೆಗಳು ಸಾಲಾಗಿ ನಿಂತಿದ್ದನ್ನು ನೋಡಿ ದಶರಥನಿಗೆ ತನ್ನ ಬುದ್ಧಿಯ ಮೇಲೆ ಗೌರವ ಹುಟ್ಟಿತು. ಆ ಗೌರವ ಮೊದಲ ಸಾಗಣೆ ಹೊರಡುವ ತನಕ ಇತ್ತು. ಚೀಲ ತುಂಬಿ ಕತ್ತೆಗಳನ್ನು ರಸ್ತೆಯ ಕಡೆ ಬಿಟ್ಟರು. ಕವಲುದಾರಿ ಬಂತು. ಹಣಮಂತನ ಕತ್ತೆಗಳಿಗೆ ಜನ್ಮದಿಂದ ಗೊತ್ತಿದ್ದದ್ದು ಒಂದೇ: ಬೆನ್ನ ಮೇಲೆ ಭಾರ ಬಿದ್ದರೆ ಹಳ್ಳಕ್ಕೆ ಹೋಗುವುದು. ಅವು ಶಿಸ್ತಿನಿಂದ ಎಡಕ್ಕೆ ಹೊರಳಿ, ಸರಕಾರದ ಗರಸನ್ನು ಅರಿವೆ ಒಗೆಯುವ ಕಲ್ಲಿನ ಹತ್ತಿರ ಒಯ್ದು ನಿಂತವು. ಒಂದು ಕತ್ತೆ ನೀರಿನಲ್ಲಿ ಕೂತೂಬಿಟ್ಟಿತು.

"ಹೊಡೀಬ್ಯಾಡ್ರಿ," ಎಂದ ಹಣಮಂತ. "ಅವುಗಳ ತಪ್ಪಲ್ಲ. ಅವು ಹಳೇ ಯೋಜನಾದ ಪ್ರಕಾರ ಹೊಂಟಾವ."

ಎರಡನೆಯ ಸಲ ದಶರಥನೇ ಉಪಾಯ ಹೇಳಿದ. ಹಣಮಂತ ಮನೆಗೆ ಹೋಗಿ ಒಂದು ಅರಿವೆಯ ಗಂಟು ತಂದು ತಲೆಯ ಮೇಲೆ ಇಟ್ಟುಕೊಂಡು ರಸ್ತೆಯ ಮೇಲೆ ಮುಂದೆ ನಡೆಯಬೇಕು. ಹಣಮಂತ ಹಾಗೇ ಮಾಡಿದ. ಗಂಟು ಎಲ್ಲಿಗೋ ಹಳ್ಳ ಅಲ್ಲಿಗೇ ಎಂದು ಕತ್ತೆಗಳು ಅವನ ಹಿಂದೆ ಬಂದವು. ಆಮೇಲೆ ಕೆಲಸ ಸುಸೂತ್ರವಾಗಿ ನಡೆಯಿತು. ಅಗಸನೊಬ್ಬ ಗೌಡರ ಧೋತರ ಹೊತ್ತು ದಿನವಿಡೀ ಸರಕಾರಿ ರಸ್ತೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದ. ಹಿಂದೆ ಕತ್ತೆ, ಕತ್ತೆಯ ಹಿಂದೆ ಚೀಲ ಸುರುವುವ ಹೆಂಗಸರು, ಅವರ ಹಿಂದೆ ತಖ್ತೆ ಹಿಡಿದ ದಶರಥ.

ಮಧ್ಯಾಹ್ನ ಮೈಸೂರು ಸಾಹೇಬರು ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಹೇಳದೆ ಕೇಳದೆ ಬಂದರು, ಉಮೇದವಾರ ಹೇಗೆ ನಡೆಸುತ್ತಿದ್ದಾನೆ ನೋಡೋಣ ಎಂದು. ಆ ಸದ್ದು ಕೇಳಿದ್ದೇ ತಡ, ತುಂಬಿದ ಚೀಲಗಳ ಸಮೇತ ಕತ್ತೆಗಳು ಚದುರಿ ಬದುವಿನಾಚೆಯ ಜೋಳದ ಹೊಲಕ್ಕೆ ನುಗ್ಗಿದವು. ಹೊಲ ಬೀರಣ್ಣನದು. ಅವನು ಎಲ್ಲಿದ್ದನೋ, ಧೋತರ ಎತ್ತಿಕೊಂಡು ಓಡಿಬಂದ.

"ಯಾವನೋ ಅಂವ! ಹಾಲಗಾಳಿನ ಜ್ವಾಳ ರೀ ಸಾಹೇಬ್ರ! ನೋಡ್ರಿ, ನೋಡ್ರಿ!"

"ನಿನ್ನ ಎತ್ತು ಮನ್ಯಾಗ ಮಲಗ್ಯಾವ, ಅದಕ್ಕ ಕತ್ತಿ ಹೊಲದಾಗ ಅದಾವ," ಎಂದಳು ಪರಸವ್ವ, ಬುಟ್ಟಿ ಇಳಿಸದೆಯೇ.

ಸಾಹೇಬರು ಮೋಟಾರ್ ಸೈಕಲ್ಲು ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಜೋಳದ ನಡುವೆ ಕಾಣುತ್ತಿದ್ದ ಕಿವಿಗಳನ್ನು ನೋಡಿದರು. ಅರಿವೆಯ ಗಂಟು ಹೊತ್ತ ಹಣಮಂತನನ್ನು ನೋಡಿದರು. ಕೊನೆಗೆ ದಶರಥನನ್ನು ನೋಡಿದರು.

"ಗಾಡಿಗಳೆಲ್ಲಿ?"

"ಸೋಮಾರ ನಮ್ಮ ಕಡಿ ಎತ್ತು ಹೂಡೂದಿಲ್ರಿ."

"ಯಾರು ಹೇಳಿದ್ದು?"

"ಯಾರೂ ಹೇಳೂದಿಲ್ರಿ. ಹೂಡೂದಿಲ್ಲ ಅಷ್ಟ."

"ನಿನಗೆ ಗೊತ್ತಿರಲಿಲ್ವಾ?"

ಇಲ್ಲರಿ ಎಂದಿದ್ದರೆ ಮುಗಿಯುತ್ತಿತ್ತು. ಪೇಟೆಯಲ್ಲಿ ಓದುವ ಹುಡುಗ, ಮನೆಯಲ್ಲಿ ಎತ್ತಿಲ್ಲ, ಗೊತ್ತಿರಲಿಲ್ಲ, ಸಾಹೇಬರು ನಂಬುತ್ತಿದ್ದರು. ದಶರಥ ಆ ಮಾತನ್ನು ನಾಲಿಗೆಯ ತುದಿಗೆ ತಂದೂ ಇದ್ದ. ಆದರೆ ಅವನಿಗೆ ಚಿಕ್ಕಂದಿನಿಂದ ಒಂದು ರೋಗ: ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗುತ್ತಿತ್ತು. ಎದುರಿಗೆ ತಾಯಿ ಬೇರೆ ನಿಂತಿದ್ದಳು.

"ಗೊತ್ತಿತ್ರಿ. ಮೊದಲ ಖಾಲಿ ಬಿಟ್ಟಿದ್ದೆ. ಆಮ್ಯಾಲ ಅಳಿಸಿ ಬರದೆ."

"ಯಾಕೆ?"

"ನೀವು ಓದಿದಾವ್ರು ಅಂತ್ರಿ."

ಬೀರಣ್ಣ ಕೂಡ ಜೋಳ ಮರೆತು ಸಾಹೇಬರ ಕಡೆ ತಿರುಗಿದ. ಸಾಹೇಬರ ಮುಖ ಒಂದು ಕ್ಷಣ ಹುಳಿಯಾಯಿತು. ಅವರು ಜೇಬಿನಿಂದ ಕೈವಸ್ತ್ರ ತೆಗೆದು ಬೆವರು ಒರೆಸಿಕೊಂಡು, "ಶುಕ್ರವಾರ ಕಚೇರಿಗೆ ಬಾ," ಎಂದಷ್ಟೇ ಅಂದು, ಈ ಸಲ ಮೋಟಾರ್ ಸೈಕಲ್ಲನ್ನು ಬಹಳ ದೂರ ತಳ್ಳಿಕೊಂಡೇ ಹೋಗಿ ಆಮೇಲೆ ಶುರುಮಾಡಿದರು.

ಉಳಿದ ದಿನಗಳು ತಖ್ತೆಯ ಪ್ರಕಾರವೇ ನಡೆದವು. ಮಂಗಳವಾರ ಬೀರಣ್ಣನ ಗಾಡಿಗಳೂ ಬಂದವು. ಕತ್ತೆಗಳನ್ನು ತನ್ನ ಹೊಲದಿಂದ ದೂರ ಇಡಲು ಅದಕ್ಕಿಂತ ಬೇರೆ ದಾರಿ ಅವನಿಗೆ ಕಾಣಲಿಲ್ಲ. ಸೋಮವಾರದ್ದೂ ಮಂಗಳವಾರದ್ದೂ ಸೇರಿ ಗರಸು ಹರಡಿ ಮುಗಿಯಿತು. ಬುಧವಾರ ರೋಲರ್ ಬಂತು, ಉರುಳಿತು, ಹೋಯಿತು. ಗುರುವಾರ ಧಾರವಾಡದ ದೊಡ್ಡ ಸಾಹೇಬರ ಜೀಪು ಬಂತು. ಎಲ್ಲರೂ ರಸ್ತೆಯ ಎರಡೂ ಬದಿಗೆ ನಿಂತರು. ದೊಡ್ಡ ಸಾಹೇಬರು ಊಟ ಮಾಡಿ ಹೊರಟಿದ್ದರೆಂದು ಕಾಣುತ್ತದೆ. ಹೊಸ ರಸ್ತೆಯ ಮೇಲೆ ಎಲ್ಲಿಯೂ ಎಚ್ಚರವಾಗದೆ, ತಲೆ ಒಂದು ಕಡೆ ವಾಲಿಸಿಕೊಂಡು, ಬಬಲೇಶ್ವರದ ಕಡೆ ಸಾಗಿಹೋದರು. ರಸ್ತೆ ಸಪಾಟಾಗಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಪರಸವ್ವ ಕೇಳಿದಳು.

ಶುಕ್ರವಾರ ದಶರಥ ಅದೇ ಅಂಗಿ ಹಾಕಿಕೊಂಡು ಕಚೇರಿಗೆ ಹೋದ. ನಮಸ್ಕಾರ ಎಂದು ಹೇಳಿ ಕಳಿಸುತ್ತಾರೆಂದು ರಾತ್ರಿಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಸಾಹೇಬರು ಮೇಜಿನ ಮೇಲೆ ಇಲಾಖೆಯ ದರದ ಪುಸ್ತಕ ತೆರೆದುಕೊಂಡು ಕೂತಿದ್ದರು.

"ಬಾರಯ್ಯಾ. ಇದರಲ್ಲಿ ಎತ್ತಿನಗಾಡಿಗೆ ದರ ಇದೆ. ತಲೆಹೊರೆಗೆ ದರ ಇದೆ. ಲಾರಿಗೂ ಇದೆ. ಕತ್ತೆ ಎಲ್ಲಿದೆ, ತೋರಿಸು."

ದಶರಥ ಪುಟ ತಿರುವಿದ. "ಇಲ್ರಿ."

"ಇಲ್ಲ. ಮೈಸೂರು ರಾಜ್ಯದ ರಸ್ತೇಲಿ ಕತ್ತೆ ಇಲ್ಲ. ಆದ್ರೆ ನಿನ್ನ ಹಣಮಂತನಿಗೆ ಕೂಲಿ ಕೊಡಬೇಕು. ಕೊಟ್ಟರೆ ಲೆಕ್ಕಪತ್ರದವರು ಕೇಳ್ತಾರೆ: ಕತ್ತೆ ಯಾಕೆ? ಯಾರ ಅಪ್ಪಣೆ? ಸೋಮವಾರಾನೇ ಯಾಕೆ? ಕತ್ತೆ ಹಳ್ಳಕ್ಕೆ ಯಾಕೆ ಹೋಯ್ತು? ಅವರು ಕೇಳ್ತಾರೆ, ನಾವು ಬರೀತೀವಿ, ಅವರು ಮತ್ತೆ ಕೇಳ್ತಾರೆ. ಇದಕ್ಕೆಲ್ಲ ಉತ್ತರ ಬರೆಯೋರು ಯಾರು? ನಾನಾ?"

"ನಾ ಬರೀತೇನ್ರಿ."

"ಒಂದು ಸಲಕ್ಕೆ ಮುಗಿಯಲ್ಲ. ಹಂಗಾಮು ಪೂರ್ತಿ ಹಿಡಿಯುತ್ತೆ."

"ಹಂಗಾಮು ಪೂರ್ತಿ ಬರ್ತೇನ್ರಿ."

"ಹಾಗಾದ್ರೆ ಆ ಸ್ಟೂಲು ಎಳ್ಕೊ. ಮತ್ತೆ ಕೇಳು, ಇನ್ನು ಮೇಲೆ ಏನಾದ್ರೂ ಅಳಿಸೋ ಹಾಗಿದ್ರೆ, ನನ್ನ ಕೇಳಿ ಅಳಿಸು."

ದಶರಥ ಸ್ಟೂಲಿನ ಅರ್ಧಕ್ಕೆ ಕೂತ. ಪೂರ್ತಿ ಕೂತರೆ ಯಾರಾದರೂ ಏಳು ಎಂದಾರು ಎಂಬ ಹೆದರಿಕೆ ಇನ್ನೂ ಇತ್ತು. ಹಂಗಾಮು ಪೂರ್ತಿ ಇದ್ದ, ಕನಮಡಿಯ ಕಡೆಯ ಕೆಲಸಗಳನ್ನೂ ನೋಡಿದ. ದಾಖಲೆ ಸಿಕ್ಕಿತು, ಪರೀಕ್ಷೆಗೂ ಕೂತ.

ಸಾಹೇಬರು ಅವನನ್ನು ಯಾಕೆ ಇಟ್ಟುಕೊಂಡರು ಎಂಬ ಬಗ್ಗೆ ತಿಕೋಟಾದಲ್ಲಿ ಎರಡು ಮಾತಿವೆ. ಎದುರಿಗೇ ನಿಂತು ನಿಜ ಹೇಳಿದನೆಂದು ಮೆಚ್ಚಿ ಇಟ್ಟುಕೊಂಡರು ಎನ್ನುವುದು ಸಾಬಣ್ಣನ ಮಾತು. ಲೆಕ್ಕಪತ್ರದವರಿಗೆ ಹೆದರಿ ಕತ್ತೆಯ ಜವಾಬ್ದಾರಿ ಹೊರಲು ಒಬ್ಬ ಬೇಕಾಗಿದ್ದ ಎನ್ನುವುದು ಪರಸವ್ವನದು. ದಶರಥ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಕಳಿಸಿಬಿಡುತ್ತಾರೋ ಎಂಬ ಅಂಜಿಕೆ. ಮರುವರ್ಷ ಸಾಹೇಬರಿಗೆ ವರ್ಗವಾಯಿತು. ಯಾವ ಊರಿಗೆ ಎಂಬುದು ಕೂಡ ಇಲ್ಲಿ ಯಾರಿಗೂ ನೆನಪಿಲ್ಲ. ನನಗಂತೂ ಗೊತ್ತಿಲ್ಲ.